ಒಂದು ರೂಪಾಯಿ ನಾಣ್ಯದಲ್ಲಿ ನೂರರವತ್ತು ಟನ್: ಭಾರ ಎತ್ತುವ ಹಡಗಿನ ಮಾದರಿ

ಭಾರ ಎತ್ತುವ ಹಡಗಿನ ಮಾದರಿ ಮಾಡಲು ಕೂತವರು ಮೊದಲು ಕೈಹಾಕುವುದು ಡೆರಿಕ್‌ಗೆ, ಅಂದರೆ ಭಾರ ಎತ್ತುವ ಓರೆತೋಳಿಗೆ. ಚಂದ ಕಾಣುವುದು ಅದೇ ತಾನೆ. ವರ್ಷಗಟ್ಟಲೆ ಹಡಗಿನಲ್ಲಿ ಮೇಟ್ (ಕ್ಯಾಪ್ಟನ್ ಕೈಕೆಳಗಿನ ಅಧಿಕಾರಿ) ಆಗಿ ದುಡಿದ ನಾನೂ ಮೊದಲ ಸಲ ಅದನ್ನೇ ಮಾಡಿದೆ. ನೀರಿಗೆ ಬಿಟ್ಟಾಗ ಹಡಗು ಏನನ್ನೂ ಎತ್ತುವ ಮೊದಲೇ ಒಂದು ಬದಿಗೆ ಒರಗಿತು. ಆದ್ದರಿಂದ ಒಡಲಿನಿಂದ ಶುರುಮಾಡಿ.

ನಾನು ಆರಿಸಿಕೊಂಡದ್ದು ಅಮೆರಿಕದ 'ಮರೀನ್ ಈಗಲ್'. 1943ರಲ್ಲಿ ಪೆನ್ಸಿಲ್ವೇನಿಯದ ಚೆಸ್ಟರ್‌ನಲ್ಲಿ ಸನ್ ಕಂಪನಿ ಕಟ್ಟಿದ್ದು, ಸಿ4 ಎಂಬ ದೊಡ್ಡ ಹಡಗುಗಳ ಜಾತಿಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಅದಕ್ಕೆ, 1944ರಲ್ಲಿ ಫಿಲಿಪ್ಪೀನ್ಸ್‌ನ ಲೇಟೆಯಲ್ಲಿ ಮಡಿದ ಸಿಪಾಯಿ ಲಿಯೊನಾರ್ಡ್ ಬ್ರೋಸ್ಟ್ರಮ್ ಅವರ ಹೆಸರಿಟ್ಟಿತು. 1950ರಲ್ಲಿ ಅದು ನೌಕಾಪಡೆಗೆ ಬಂತು. ಆಮೇಲೆ 150 ಟನ್ ಎತ್ತುವ ಬೂಮ್‌ಗಳು, ಅಂದರೆ ಡೆರಿಕ್ ತೋಳುಗಳು, ಏರಿದವು. ಹೋಲಿಸಿ ನೋಡಿ: ಯುದ್ಧಕಾಲದ ಲಿಬರ್ಟಿ ಸರಕು ಹಡಗಿನ ಅತಿ ದೊಡ್ಡ ಡೆರಿಕ್, ಎರಡನೇ ಹೋಲ್ಡಿನ (ಸರಕು ತುಂಬುವ ಒಳಕೋಣೆ) ಮೇಲಿನದು, ಎತ್ತುತ್ತಿದ್ದುದು 50 ಟನ್. ಲಿಬರ್ಟಿಯ ಇಂಜಿನ್ ನಟ್ಟನಡುವೆ ಕೂತು ಜಾಗ ತಿನ್ನುತ್ತದೆ. ಸಿ4ರ ಇಂಜಿನ್, ಚಿಮಣಿ ಎರಡೂ ಹಿಂದಕ್ಕೆ. ರೈಲ್ವೆ ಇಂಜಿನ್ ಮಲಗಿಸಲು ಬೇಕಾದ ಉದ್ದನೆಯ ಹೋಲ್ಡ್ ಸಿಗುವುದು ಅದರಿಂದಲೇ.

ಅಳತೆ 350ಕ್ಕೆ ಒಂದು. ಒಡಲು 455 ಮಿ.ಮೀ. ಉದ್ದ, 62 ಅಗಲ, 38 ಎತ್ತರ. ಹಾಲುವಾಣದ ಮರ ಸಾಕು, ಹಗುರ, ಚಾಕುವಿಗೆ ಬಗ್ಗುತ್ತದೆ. ಹೋಲ್ಡುಗಳನ್ನು ಕೊರೆದು ಟೊಳ್ಳು ಮಾಡಿ, ಒಳಗೂ ಹೊರಗೂ ಎರಡು ಸಲ ವಾರ್ನಿಶ್ ಬಳಿಯಿರಿ.

ಇನ್ನು ತೂಕ. ಈ ಅಳತೆಯಲ್ಲಿ ಒಂದು ಗ್ರಾಂ ಎಂದರೆ ಸುಮಾರು 43 ಟನ್. ಹಗುರ ಸರಕಿರುವ 15,000 ಟನ್ನಿನ ಹಡಗು ಅಂದುಕೊಂಡರೆ ಎಲ್ಲ ಸೇರಿ 350 ಗ್ರಾಂ ಆಗಬೇಕು. 2011ರ ನಂತರದ ಒಂದು ರೂಪಾಯಿ ನಾಣ್ಯ 3.79 ಗ್ರಾಂ, ಅಂದರೆ ನೂರರವತ್ತು ಟನ್ ಚಿಲ್ಲರೆ. ನಮ್ಮ ಸರಕು ಅದೇ. ತೂತು ಕೊರೆಯಬೇಡಿ, ದಾರವನ್ನು ಟೇಪಿನಲ್ಲಿ ಅಂಟಿಸಿ.

ಕೊರತೆ ಬಿದ್ದ ತೂಕಕ್ಕೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಹಾಕಿ. ಎಲ್ಲವನ್ನೂ ತಳದಲ್ಲಿ ಸುರಿಯುವ ಆಸೆಯಾಗುತ್ತದೆ. ನಾನು ಹಾಗೆ ಮಾಡಿದಾಗ ನಾಣ್ಯ ನೇತುಹಾಕಿದರೂ ಹಡಗು ಮೂರೇ ಡಿಗ್ರಿ ವಾಲಿತು, ಹಿಗ್ಗಿದೆ. ಆದರೆ ನಿಜವಾದ ಹಡಗಿನ ತೂಕವೆಲ್ಲ ತಳದಲ್ಲಿ ಕೂತಿರುವುದಿಲ್ಲವಲ್ಲ. ಒಟ್ಟು ಭಾರದ ಕೇಂದ್ರ ತಳದಿಂದ 23 ಮಿ.ಮೀ. ಮೇಲಿರಬೇಕು. ಕಂಡುಹಿಡಿಯುವುದು ಸುಲಭ: 60 ಮಿ.ಮೀ. ಕಡ್ಡಿಯ ತುದಿಗೆ ದಾರ, ಮಣಿ ಕಟ್ಟಿ ಡೆಕ್ಕಿನ ನಡುವೆ ನಿಲ್ಲಿಸಿ. ನಾಣ್ಯವನ್ನು ನಡುಗೆರೆಯಿಂದ ಮೂರು ಸೆಂ.ಮೀ. ಪಕ್ಕಕ್ಕಿಟ್ಟಾಗ ಮಣಿ ಆರೇಳು ಮಿ.ಮೀ. ಸರಿದರೆ ಸರಿ. ಕಮ್ಮಿ ಸರಿದರೆ ಗುಂಡುಗಳನ್ನು ಮೇಲೆತ್ತಿ, ಜಾಸ್ತಿಯಾದರೆ ಕೆಳಗಿಳಿಸಿ. ಇದಕ್ಕೆ ಅರ್ಧ ದಿನ ಹೋಗುತ್ತದೆ, ಹೋಗಲಿ.

ಈಗ ಡೆರಿಕ್. ಮೊದಲು ಹಿತ್ತಾಳೆ ಸರಿಗೆ ಹಾಕಿದ್ದೆ. ಒಂದು ಗ್ರಾಂ ಹಿತ್ತಾಳೆ ಅಂದರೆ ಮೇಲೆ 43 ಟನ್ ಏರಿಸಿದಂತೆ. ನನ್ನ ಮೊದಲ ಹಡಗು ಒರಗಿದ್ದು ಅದಕ್ಕೇ. ಊದುಬತ್ತಿಯ ಕಡ್ಡಿ ಸಾಕು, 76 ಮಿ.ಮೀ. ಉದ್ದ. ಅದರ ಬುಡ ಡೆಕ್ಕಿಗಿಂತ ತುಸು ಮೇಲೆ ಕಂಬಕ್ಕೆ ಕೂಡಬೇಕು. ತುದಿ ತಳದಿಂದ 100 ಮಿ.ಮೀ. ಎತ್ತರಕ್ಕೆ, ನಡುಗೆರೆಯಿಂದ 48 ಮಿ.ಮೀ. ಹೊರಗೆ ಬರಬೇಕು. ಕಂಬವನ್ನು ಡೆಕ್ಕಿನಲ್ಲಿ ನಿಲ್ಲಿಸಿದರೆ ಸಾಲದು, ತೂತು ಕೊರೆದು ತಳದವರೆಗೆ ಇಳಿಸಿ. ನಿಜವಾದ ಹಡಗಿನಲ್ಲೂ ಕಂಬದ ಕೆಳಗೆ ಉಕ್ಕಿನ ತಗಡು ದಪ್ಪ ಮಾಡಿ ಆಸರೆ ಕೊಡಬೇಕು. ಕಂಬವನ್ನು ಹಿಡಿದಿಡುವ ಸ್ಟೇ ದಾರಗಳನ್ನು ಭಾರಕ್ಕೆ ಎದುರು ಬದಿಯಲ್ಲಿ ಬಿಗಿಯಿರಿ.

ಟಬ್ಬಿಗೆ ನೀರು ತುಂಬಿ, ನಾಣ್ಯ ನೇತುಹಾಕಿ. ಡೆರಿಕ್ ತುದಿ ಹೊರಚಾಚಿದ ದೂರವನ್ನಷ್ಟೇ ಹಿಡಿದು ಲೆಕ್ಕ ಹಾಕಿದರೆ ಒಂಬತ್ತೂವರೆ ಡಿಗ್ರಿ ವಾಲಬೇಕು, ಆದರೆ ಹದಿಮೂರರ ಆಸುಪಾಸು ವಾಲುತ್ತದೆ. ನಾಣ್ಯ ನೀರಿನ ಹತ್ತಿರ ತೂಗುತ್ತಿದ್ದರೂ ಹಡಗಿಗೆ ಅದು ಡೆರಿಕ್‌ನ ತುದಿಯಲ್ಲಿ ಕೂತ ಹಾಗೇ. ಸರಕು ನೆಲ ಬಿಟ್ಟ ಕ್ಷಣವೇ ಭಾರದ ಕೇಂದ್ರ ಮೇಲಕ್ಕೆ ಜಿಗಿಯುತ್ತದೆ. ಇದು ಹೊಸ ಕೆಡೆಟ್‌ಗಳ ತಲೆಗೆ ಬೇಗ ಇಳಿಯುವುದಿಲ್ಲ. ನನ್ನ ಮೊಮ್ಮಗಳಿಗೆ ಟಬ್ಬಿನ ಮುಂದೆ ಒಂದೇ ನಿಮಿಷದಲ್ಲಿ ಗೊತ್ತಾಯಿತು.

ನೇರ ಮಾಡಲು ಎದುರು ಬದಿಯ ಹೋಲ್ಡಿನ ತಳದಲ್ಲಿ, ನಡುಗೆರೆಯಿಂದ 23 ಮಿ.ಮೀ. ದೂರಕ್ಕೆ, ಎರಡು ನಾಣ್ಯ ಅಂಚಿನ ಮೇಲೆ ನಿಲ್ಲಿಸಿಡಿ. ಅದು ಸುಮಾರು 325 ಟನ್ ಬ್ಯಾಲಸ್ಟ್ ನೀರಿಗೆ, ಅಂದರೆ ಹಡಗಿನ ಸಮತೋಲಕ್ಕೆ ತುಂಬುವ ನೀರಿಗೆ, ಸಮ. ಹಡಗು ಬಹುತೇಕ ನೇರವಾಗುತ್ತದೆ. ನಾಣ್ಯದ ಬದಲು ನಿಜವಾಗಿ ನೀರನ್ನೇ ಹಾಕಿ ನೋಡುವವರು ಸಣ್ಣ ಡಬ್ಬಿಯನ್ನು ಕಂಠಪೂರ್ತಿ ತುಂಬಿಸಿ. ಅರ್ಧ ತುಂಬಿದ ನೀರು ಹಡಗು ವಾಲಿದ ಕಡೆಗೇ ಓಡುತ್ತದೆ.

"ಅಜ್ಜ, ಈಗ ದಾರ ಕತ್ತರಿಸಲಾ?" ಎಂದಳು ಮೊಮ್ಮಗಳು. ನಾನು ಹೂಂ ಅನ್ನುವ ಮೊದಲೇ ಕತ್ತರಿಸಿಬಿಟ್ಟಳು. ಹಡಗು ಎದುರು ಬದಿಗೆ ಧಡಕ್ಕನೆ ಉರುಳಿ, ಮುಚ್ಚದೆ ಬಿಟ್ಟಿದ್ದ ಹ್ಯಾಚಿನೊಳಗೆ (ಹೋಲ್ಡಿನ ಬಾಯಿ) ನೀರು ನುಗ್ಗಿತು. ದಕ್ಕೆಯ ಮೇಲೆ ಸರಕು ಕೂತಾಗ ಅದನ್ನು ಹಿಡಿದ ಸ್ಲಿಂಗ್ ಹಗ್ಗ ಸಡಿಲವಾದರೂ ಆಗುವುದು ಇದೇ, ಅದಕ್ಕೇ ಸರಕು ಇಂಚಿಂಚು ಇಳಿಸಿ, ಬ್ಯಾಲಸ್ಟನ್ನು ಅದರ ಜತೆಜತೆಗೇ ವಾಪಸ್ ತರಬೇಕು. ನೀವು ಮೊದಲು ಹ್ಯಾಚ್‌ಗಳನ್ನು ಮೇಣದಿಂದ ಮುಚ್ಚಿ, ಆಮೇಲೆ ಕತ್ತರಿ ಕೊಡಿ.

ಬಣ್ಣ ಕೊನೆಗೆ. ಒಡಲು ಬೂದು; ಬೂದು ಚಿಮಣಿಯ ಮೇಲೆ ನೀಲಿ, ಬಂಗಾರದ ಪಟ್ಟಿ, ಅಮೆರಿಕ ನೌಕಾಪಡೆಯ ಸಾಗಣೆ ವಿಭಾಗವಾಗಿದ್ದ ಮಿಲಿಟರಿ ಸೀ ಟ್ರಾನ್ಸ್‌ಪೋರ್ಟೇಶನ್ ಸರ್ವಿಸ್‌ನ ಗುರುತು. ಬಣ್ಣ ತೆಳುವಾಗಿರಲಿ, ಅದಕ್ಕೂ ಗ್ರಾಂ ಲೆಕ್ಕವಿದೆ. ಒಣಗಿದ ಮೇಲೆ ಮಣಿಯ ಪರೀಕ್ಷೆ ಇನ್ನೊಮ್ಮೆ ಮಾಡಿ.