ಮನ್ಯಾಗ ಫ್ರಿಜ್ ಐತೇನ್ರಿ?

ಸಿಂದಗಿಯ ನಮ್ಮ ಔಷಧ ಅಂಗಡಿಗೆ ಯಾರಾದರೂ ಕೂಸನ್ನು ಎತ್ತಿಕೊಂಡು ಪೆನ್ಸಿಲಿನ್ ಜಾತಿಯ ಆ್ಯಂಟಿಬಯಾಟಿಕ್ ಆದ ಅಮಾಕ್ಸಿಸಿಲಿನ್ ಚೀಟಿ ತಂದರೆ, ಕಪಾಟಿಗೆ ಕೈ ಹಾಕುವ ಮೊದಲು ಎರಡು ಮಾತು ಕೇಳುತ್ತೇನೆ. "ಹಿಂದ ಯಾವಾಗರ ಪೆನ್ಸಿಲಿನ್ ಕೊಟ್ಟಾಗ ಮೈಮ್ಯಾಲೆ ದದ್ದು ಎದ್ದಿದ್ದುವೇನು?" "ಮನ್ಯಾಗ ಫ್ರಿಜ್ ಐತೇನ್ರಿ?" ಎರಡನೆಯದಕ್ಕೆ ನಗುತ್ತಾರೆ.

ಮೊದಲನೆಯದಕ್ಕೆ ಹೌದು ಎಂದರೆ ಔಷಧ ಕೊಡುವುದಿಲ್ಲ, ಡಾಕ್ಟರಿಗೆ ಫೋನ್ ಮಾಡುತ್ತೇನೆ. ಔಷಧ ಕುಡಿದ ಮೇಲೆ ತುಟಿ, ಮುಖ ಬಾತರೆ, ಉಸಿರು ಕಟ್ಟಿದರೆ ಅಂಗಡಿಗೆ ಬರಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ.

ಮಕ್ಕಳ ಔಷಧ ಬಾಟಲಿಯಲ್ಲಿ ಒಣ ಪುಡಿಯಾಗಿ ಬರುತ್ತದೆ. ಅಂಗಡಿ ಹಾಕಿದ ಹೊಸತರಲ್ಲಿ ಹಾಗೇ ಕೊಟ್ಟು ಕಳಿಸುತ್ತಿದ್ದೆ. ಒಬ್ಬ ತಾಯಿ ಪ್ರತಿ ಸಲ ಒಂದು ಚಮಚ ಪುಡಿಯನ್ನು ಲೋಟದ ನೀರಲ್ಲಿ ಕದಡಿ ಕುಡಿಸಿದ್ದಳು. ಎರಡೇ ದಿನಕ್ಕೆ ಬಾಟಲಿ ಖಾಲಿ, ಮಗುವಿಗೆ ಭೇದಿ. ತಪ್ಪು ನನ್ನದೇ. ಅಂದಿನಿಂದ ಕಲಸಿಯೇ ಕೊಡುತ್ತೇನೆ.

ನೀವೇ ಕಲಸುವುದಾದರೆ, ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲ ಮಾಡಿ. ಕುದಿಸಿ ಪೂರ್ತಿ ಆರಿಸಿದ ನೀರು ಬೇಕು. ಬಿಸಿ ನೀರೂ ಬೇಡ, ಬೋರಿನ ಸವಳು ನೀರೂ ಬೇಡ. ಡಬ್ಬಿಯೊಳಗೇ ನೀರಿನ ಪುಟ್ಟ ಬಾಟಲಿ ಇದ್ದರೆ ಅದನ್ನೇ ಹಾಕಿ. ಬಾಟಲಿಯ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ತುಂಬಿ ಚೆನ್ನಾಗಿ ಅಲ್ಲಾಡಿಸಿ. ನೊರೆ ಇಳಿಯುವ ತನಕ ಕಾಯಿರಿ. ಆಮೇಲೆ ಗೆರೆಗೆ ಸರಿಯಾಗಿ ನೀರು ಸೇರಿಸಿ ಮತ್ತೊಮ್ಮೆ ಅಲ್ಲಾಡಿಸಿ. ನೊರೆ ನೋಡಿ ಗೆರೆ ಮುಟ್ಟಿತೆಂದು ಬಿಡುವವರೇ ಹೆಚ್ಚು. ಪ್ರತಿ ಸಲ ಕುಡಿಸುವ ಮುಂಚೆಯೂ ಅಲ್ಲಾಡಿಸಬೇಕು, ಔಷಧ ತಳಕ್ಕೆ ಕೂತಿರುತ್ತದೆ.

ಅಳತೆಗೆ ಡಬ್ಬಿಯಲ್ಲಿರುವ ಮುಚ್ಚಳವೇ ಇರಲಿ, ಅಡುಗೆಮನೆಯ ಚಮಚ ಬೇಡ. 5 ಎಂ.ಎಲ್.ನಲ್ಲಿ 125 ಮಿಲಿಗ್ರಾಂ ಇರುವ ಬಾಟಲಿಯೂ ಉಂಟು, 250 ಇರುವುದೂ ಉಂಟು. ಡಾಕ್ಟರು ಕೂಸಿನ ತೂಕ ನೋಡಿ ಬರೆದಿರುತ್ತಾರೆ, ಅಣ್ಣನ ಬಾಟಲಿ ತಮ್ಮನಿಗೆ ಆಗುವುದಿಲ್ಲ. ದಿನಕ್ಕೆ ಮೂರು ಸಲ ಎಂದರೆ 8 ತಾಸಿಗೊಮ್ಮೆ: ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಬರೀ ಅಮಾಕ್ಸಿಸಿಲಿನ್ ಆದರೆ ಊಟದ ಮುಂಚೆ, ಆಮೇಲೆ ಎಂಬ ಗೊಡವೆ ಇಲ್ಲ. ಅದಕ್ಕೆ ಬಲ ಕೊಡುವ ಕ್ಲಾವುಲನಿಕ್ ಆಮ್ಲ ಸೇರಿದ್ದಾದರೆ ಊಟದ ಮೊದಲ ತುತ್ತಿನ ಜೊತೆ ಕೊಡಿ, ಹೊಟ್ಟೆಗೆ ಹಿತ.

ಈಗ ಫ್ರಿಜ್ ಮಾತು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕ್ಲಾವುಲನಿಕ್ ಸೇರಿದ ಔಷಧವನ್ನು ಕಲಸಿದ ಮೇಲೆ 2ರಿಂದ 8 ಡಿಗ್ರಿಯಲ್ಲೇ ಇಡಬೇಕು. ಫ್ರಿಜ್ಜಿನ ನಡುವಿನ ಹಲಗೆ ಒಳ್ಳೆಯದು. ಬಾಗಿಲಲ್ಲಿ ಬೇಡ, ಬರ್ಫದ ಖಾನೆಯಲ್ಲಂತೂ ಬೇಡವೇ ಬೇಡ. ಫ್ರಿಜ್ ಇಲ್ಲ ಎಂದವರಿಗೆ ನಾನು ಡಾಕ್ಟರನ್ನು ಕೇಳಿ ನೀರಲ್ಲಿ ಕರಗುವ ಗುಳಿಗೆಗೆ ಬದಲಿಸುತ್ತೇನೆ. ಕುಡಿಸುವ ಹೊತ್ತಿಗೆ ಒಂದೊಂದೇ ಬಿಡಿಸಿದರಾಯಿತು. ಗುಳಿಗೆ ಪಟ್ಟಿಯಲ್ಲೇ ಇರಲಿ. ಒಲೆಯ ಮೇಲಿನ ಮಾಡ, ಬೈಕಿನ ಡಿಕ್ಕಿ ಎರಡೂ ಕೆಟ್ಟ ಜಾಗ.

ಬಾಟಲಿ ಕಲಸಿದ ಮೇಲೆ ಸಾಮಾನ್ಯವಾಗಿ 7 ದಿನ ಬಾಳುತ್ತದೆ, ಡಬ್ಬಿಯ ಮೇಲೆ ಬರೆದಿರುವುದನ್ನು ನೋಡಿಕೊಳ್ಳಿ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನ ಗಂಟಲು ಬೇನೆಗೆ ಡಾಕ್ಟರು 10 ದಿನ ಬರೆಯುವುದುಂಟು. ಆಗ ಎರಡು ಬಾಟಲಿ ಒಯ್ಯಿರಿ, ಎರಡನೆಯದನ್ನು ಮೊದಲನೆಯದು ಮುಗಿದ ಮೇಲೇ ಕಲಸಿ. ಮೂರನೇ ದಿನ ಜ್ವರ ಇಳಿಯಿತೆಂದು ನಿಲ್ಲಿಸಿದರೆ ಆ ರೋಗಾಣು ಉಳಿದುಕೊಂಡು ರುಮ್ಯಾಟಿಕ್ ಜ್ವರವಾಗಿ, ಹೃದಯದ ಕವಾಟಕ್ಕೇ ತಗುಲಬಹುದು.

ಚೀಟಿ ಇಲ್ಲದೆ ಅರ್ಧ ಪಟ್ಟಿ ಕೇಳುವವರಿಗೆ ಪಟ್ಟಿಯ ಮೇಲಿನ ಕೆಂಪು ಗೆರೆ ತೋರಿಸುತ್ತೇನೆ; ಚೀಟಿ ಇಲ್ಲದೆ ತಗೊಳ್ಳಬಾರದು ಎಂಬ ಗುರುತು ಅದು. ನೆಗಡಿ ವೈರಸ್ಸಿನದು, ಅದಕ್ಕೆ ಪೆನ್ಸಿಲಿನ್ ನಾಟುವುದಿಲ್ಲ. ಕೆಲವರು ಬೈದು ಪಕ್ಕದ ಓಣಿಗೆ ಹೋಗುತ್ತಾರೆ.

ಕಲಸಿದ ತಾರೀಖನ್ನು ಬಾಟಲಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು ಕೊಡುತ್ತೇನೆ. ಓದಲು ಬಾರದ ಅಜ್ಜಿಯರು ಸಂತೆಗೆ ಬಂದಾಗ ಕೊಂಡರೆ ಬಾಯಲ್ಲಿ ಹೇಳುತ್ತೇನೆ: "ಯವ್ವಾ, ಮುಂದಿನ ಸಂತಿಗೆ ಬರೂದ್ರಾಗ ಇದು ಮುಗೀಬೇಕು. ಉಳದ್ರ ಇಡಬ್ಯಾಡ, ತಂದು ನನ್ನ ಕೈಯಾಗ ಕೊಡು."