ಮೆಡಿಕಲ್ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರ: ಮನೆ ಭೇಟಿಯಲ್ಲೇ ಕಲಿಸುವ ಬಗೆ

ಸಮಾಜಶಾಸ್ತ್ರದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿದರೆ ಪರೀಕ್ಷೆಯ ಮರುದಿನವೇ ಮರೆತುಹೋಗುತ್ತವೆ. ಬರೆದುಕೊಟ್ಟ ಗುಳಿಗೆ ಮನೆಯಲ್ಲಿ ಯಾಕೆ ಉಳಿಯಿತು ಎಂದು ಹುಡುಕಲು ಹಚ್ಚಿ, ಆಗ ಮರೆಯುವುದಿಲ್ಲ. ಇದಕ್ಕೆ ಹೊಸ ಪೀರಿಯಡ್ ಬೇಕಿಲ್ಲ. ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಮೇಲೆ ನಿಗಾ ಇಡುವ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕುಟುಂಬ ದತ್ತು ಕಾರ್ಯಕ್ರಮಕ್ಕೆ ಹುಬ್ಬಳ್ಳಿ, ಗದಗ, ಹಾವೇರಿಯ ವಿದ್ಯಾರ್ಥಿಗಳು ಹೇಗೂ ಹಳ್ಳಿಗೆ ಹೋಗಬೇಕು.

ಒಂದೇ ಸಮಸ್ಯೆ ಹಿಡಿಯಿರಿ. ಬಸುರಿಯರ ರಕ್ತಹೀನತೆಯಿಂದ ಶುರು ಮಾಡುವುದು ಒಳ್ಳೆಯದು. ಅದನ್ನು ತಡೆಯಲು ದಿನಕ್ಕೆ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಕನಿಷ್ಠ 180 ದಿನ: ಇಷ್ಟು ಎಲ್ಲರಿಗೂ ಗೊತ್ತು. ಗುಳಿಗೆ ತಪ್ಪುವುದು ಎಲ್ಲಿ ಎಂಬುದೇ ಪಾಠ.

ಒಂದು ಮನೆಗೆ ಇಬ್ಬರೇ ಹೋಗಲಿ, ಅವರಲ್ಲಿ ಒಬ್ಬಳು ಹುಡುಗಿಯಿರಲಿ. ಹಗಲು ಹೋದರೆ ಮುದುಕರಷ್ಟೇ ಸಿಗುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವವರು ಸೀಜನ್ನಿನಲ್ಲಿ ಸಂಜೆಯೇ ಮನೆಗೆ ಬರುವುದು. ಪರಿಚಯಕ್ಕೆ ಆಶಾ ಕಾರ್ಯಕರ್ತೆ ಬೇಕೇ ಬೇಕು, ಆದರೆ ಗುಳಿಗೆಯ ವಿಷಯ ಕೇಳುವಾಗ ಅವರು ಪಕ್ಕದಲ್ಲಿರಬಾರದು. ಇದ್ದರೆ ಅವರಿಗೆ ಒಪ್ಪುವ ಉತ್ತರವೇ ಬರುತ್ತದೆ.

‘ಗುಳಿಗಿ ತೊಗೊಂಡೀರೇನ್ರೀ?’ ಎಂದರೆ ಯಾರಾದರೂ ‘ಹೂಂ’ ಎನ್ನುತ್ತಾರೆ. ‘ಈ ವಾರದಾಗ ಎಷ್ಟ್ ದಿನ ತಪ್ಪಿತ್ರೀ?’ ಎಂದು ಕೇಳಿ, ಗುಳಿಗೆಯ ಸ್ಟ್ರಿಪ್ ತೋರಿಸಲು ಹೇಳಿ. ಆಮೇಲೆ ಒಂದೊಂದೇ ಹೊರಬರುತ್ತದೆ: ಮಲ ಕಪ್ಪಾಗಿದ್ದಕ್ಕೆ ಹೆದರಿಕೆ, ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆಂಬ ಅತ್ತೆಯ ಮಾತು, ತಪಾಸಣೆಗೆ ಹೋದ ದಿನದ ಕೂಲಿ ನಷ್ಟ, ಕಬ್ಬಿಣ ಮೈಗೆ ಹತ್ತಲು ಬಿಡದ, ಊಟದ ಬೆನ್ನಿಗಿನ ಚಹಾ. ಚೊಚ್ಚಲ ಬಸುರಿ ತವರಿಗೆ ಹೋದಳೆಂದರೆ ಇಲ್ಲಿನ ಆಶಾ ಪಟ್ಟಿಯಿಂದ ಜಾರುತ್ತಾಳೆ, ಅಲ್ಲಿನ ಪಟ್ಟಿಗೆ ತಕ್ಷಣ ಸೇರುವುದಿಲ್ಲ.

ಆದಾಯ ಕೇಳುವಾಗಲೇ ಹೆಚ್ಚು ತಪ್ಪಾಗುತ್ತದೆ. ಮನೆತನದ ಸಾಮಾಜಿಕ-ಆರ್ಥಿಕ ಮಟ್ಟ ಅಳೆಯುವ ಕುಪ್ಪುಸ್ವಾಮಿ ಮಾಪಕ ನಗರದ ಕುಟುಂಬಗಳಿಗೆ ಮಾಡಿದ್ದು, ನವಲಗುಂದದ ಹಳ್ಳಿಗೆ ಒಗ್ಗದು. ಗ್ರಾಹಕ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಪರಿಷ್ಕರಿಸಿದ ಬಿ.ಜಿ. ಪ್ರಸಾದ್ ಮಾಪಕ ಬಳಸಿ. ಅದಕ್ಕೆ ತಲಾ ಮಾಸಿಕ ಆದಾಯ ಬೇಕು, ಆದರೆ ಒಕ್ಕಲುತನದ ಮನೆಗೆ ತಿಂಗಳ ಆದಾಯವೆಂಬುದೇ ಇಲ್ಲ. ಕಳೆದ ವರ್ಷ ಪೀಕು ಮಾರಿದ ದುಡ್ಡು, ಬೀಜ-ಗೊಬ್ಬರದ ಖರ್ಚು, ಕೂಲಿ ಸಿಕ್ಕ ದಿನ ಬೇರೆಬೇರೆ ಕೇಳಿ ಲೆಕ್ಕ ಹಾಕಲಿ. ಸಾಲವನ್ನು ಪ್ರತ್ಯೇಕ ಬರೆದಿಡಲಿ. ಜಾತಿಯನ್ನು ಅಂಗಳದಲ್ಲಿ ನಿಂತು, ಎಲ್ಲರೆದುರು ಕೇಳುವುದಂತೂ ಕೂಡದು.

ಮರಳಿದ ಮೇಲೆ ಪ್ರತಿ ಜೋಡಿ ಒಂದು ಪುಟ ಬರೆಯಬೇಕು. ‘ಅಜ್ಞಾನ’, ‘ಮೂಢನಂಬಿಕೆ’ ಎಂದಷ್ಟೇ ಬರೆದವರಿಗೆ ಪುಟ ವಾಪಸ್ ಕೊಡಿ. ಆ ಪದಗಳಿಂದ ಚಿಕಿತ್ಸೆಯಲ್ಲಿ ಏನನ್ನೂ ಬದಲಿಸಲಾಗದು. ಅಂಕ ಕೊಡಬೇಕಾದದ್ದು ಬದಲಿಸಿದ ಸಲಹೆಗೆ: ಗುಳಿಗೆಯನ್ನು ರಾತ್ರಿಗೆ ಸರಿಸಿದ್ದು, ಚಹಾದಿಂದ ಕನಿಷ್ಠ ಒಂದು ತಾಸು ದೂರವಿಟ್ಟದ್ದು, ಕ್ಯಾಲ್ಸಿಯಂ ಜೊತೆ ನುಂಗಬಾರದೆಂದು ತಿಳಿಸಿದ್ದು, ಮಲ ಕಪ್ಪಾಗುವುದನ್ನು ಮೊದಲೇ ಅತ್ತೆಯ ಎದುರಿಗೇ ವಿವರಿಸಿದ್ದು, ತವರಿಗೆ ಹೊರಡುವ ಮೊದಲು ತಾಯಿ ಕಾರ್ಡ್ ಜೊತೆ ಗುಳಿಗೆ ಕಟ್ಟಿಕೊಟ್ಟು ಅಲ್ಲಿನ ಆಶಾಗೆ ಫೋನ್ ಮಾಡಿಸಿದ್ದು.

ತಿಂಗಳ ನಂತರ ಅದೇ ಜೋಡಿ ಅದೇ ಮನೆಗೆ ಹೋಗಿ ಸ್ಟ್ರಿಪ್ಪಿನಲ್ಲಿ ಉಳಿದ ಗುಳಿಗೆ ಎಣಿಸಲಿ. ಇನ್ನೂ ಉಳಿದಿದ್ದರೆ ಸಲಹೆಯನ್ನು ಮತ್ತೆ ಬರೆಯಲಿ.