ಖರ್ಜದ ತಂತಿ ಕೇಳಿಸಲಿ: ಸಬ್‌ವೂಫರ್ ಜೋಡಿಸುವುದು ಹೀಗೆ

ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಖರ್ಜ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು. ಗಾಯಕರು ಹಾರ್ಮೋನಿಯಂನ ಕಪ್ಪು ಒಂದರ, ಅಂದರೆ ಮೊದಲ ಕಪ್ಪು ಕೀಲಿಯ, ಶ್ರುತಿಯಲ್ಲಿ ಹಾಡುವಾಗ ಆ ತಂತಿ ಸುಮಾರು 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಬುಕ್‌ಶೆಲ್ಫ್ ಸ್ಪೀಕರ್‌ನ ನಾಲ್ಕಿಂಚಿನ ಕೋನ್ ಸಾಮಾನ್ಯವಾಗಿ ಅಷ್ಟು ಕೆಳಗಿಳಿಯುವ ಹೊತ್ತಿಗೆ ಬಸವಳಿದಿರುತ್ತದೆ. ಝೇಂಕಾರ ಕೇಳಿಸುತ್ತದೆ, ಅದರ ಬುಡ ಕೇಳಿಸುವುದಿಲ್ಲ. ಬಾಗಲಕೋಟೆಯ ನವನಗರದ ನಮ್ಮ ಮನೆಗೆ ನಾನು ಸಬ್‌ವೂಫರ್ ಎಂಬ, ಮಂದ್ರದ ಸದ್ದಿಗೆಂದೇ ಇರುವ ಸ್ಪೀಕರ್ ತಂದದ್ದು ಆ ಒಂದು ತಂತಿಗಾಗಿ.

ಮೊದಲು ಎಲ್ಲವನ್ನೂ ಆರಿಸಿ, ಪ್ಲಗ್ ಕಿತ್ತುಬಿಡಿ. ಆಂಪ್ಲಿಫೈಯರ್‌ನ ಬೆನ್ನು ನೋಡಿ. ‘ಸಬ್ ಔಟ್’ ಅಥವಾ ‘ಪ್ರಿ ಔಟ್’ ಎಂಬ ಕಿಂಡಿಯಿದ್ದರೆ ಕೆಲಸ ಐದು ನಿಮಿಷದ್ದು: ಅಲ್ಲಿಂದ ಸಬ್‌ವೂಫರ್‌ನ ‘ಲೈನ್ ಇನ್’ಗೆ ಆರ್‌ಸಿಎ ಕೇಬಲ್ ಎಳೆದರೆ ಆಯಿತು. ಪಕ್ಕದಲ್ಲೇ ಇರುವ ‘ರೆಕ್ ಔಟ್’ಗೆ ಮಾತ್ರ ಸಿಕ್ಕಿಸಬೇಡಿ. ಅದು ವಾಲ್ಯೂಮ್ ಗುಂಡಿಯ ಮಾತು ಕೇಳುವುದಿಲ್ಲ; ನೀವು ಹಾಡನ್ನು ತಗ್ಗಿಸಿದರೂ ಬೇಸ್ ತಗ್ಗುವುದಿಲ್ಲ. ‘ಎಲ್‌ಎಫ್‌ಇ’ ಎಂಬ ಸಬ್‌ವೂಫರ್‌ನ ಕಿಂಡಿಯನ್ನೂ ಸದ್ಯಕ್ಕೆ ಬಿಡಿ. ಅದು ಸಬ್‌ವೂಫರ್‌ನ ಕ್ರಾಸ್‌ಓವರ್ ಗುಂಡಿಯನ್ನು, ಅಂದರೆ ಎಷ್ಟು ಹರ್ಟ್ಜ್‌ಗಿಂತ ಕೆಳಗಿನ ಸದ್ದು ಸಬ್‌ವೂಫರ್‌ನ ಪಾಲಿಗೆ ಎಂದು ಗೆರೆ ಎಳೆಯುವ ಗುಂಡಿಯನ್ನು, ದಾಟಿ ಹೋಗುತ್ತದೆ.

ಹಳೆಯ ಆಂಪ್ಲಿಫೈಯರ್‌ಗಳಲ್ಲಿ ಇಂಥ ಕಿಂಡಿಯೇ ಇರುವುದಿಲ್ಲ. ಹಾಗೆಂದು ಹೊಸದು ಕೊಳ್ಳಬೇಕಿಲ್ಲ. ಸಬ್‌ವೂಫರ್‌ಗೆ ‘ಹೈ ಲೆವೆಲ್’ ಇನ್‌ಪುಟ್ ಇದ್ದರೆ ಸ್ಪೀಕರ್ ವೈರಿನಿಂದಲೇ ಜೋಡಿಸಬಹುದು, ನನ್ನದೂ ಹಾಗೆಯೇ ಇದೆ. ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಅರ್ಧ ಇಂಚು ಸುಲಿದು, ತಾಮ್ರದ ಎಳೆಗಳನ್ನು ದೀಪದ ಬತ್ತಿಯಂತೆ ಬಿಗಿಯಾಗಿ ಹೊಸೆಯಿರಿ. ಸ್ಪೀಕರ್‌ಗೆ ಹೋಗುವ ವೈರು ಇದ್ದಲ್ಲೇ ಇರಲಿ. ಅದೇ ಟರ್ಮಿನಲ್‌ಗೆ ಈ ವೈರನ್ನೂ ಸೇರಿಸಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಎಡ, ಬಲ ಎರಡಕ್ಕೂ. ಈ ಇನ್‌ಪುಟ್ ಎಳೆದುಕೊಳ್ಳುವ ವಿದ್ಯುತ್ ಅತ್ಯಲ್ಪ, ಆಂಪ್ಲಿಫೈಯರ್‌ಗೆ ಹೊರೆಯಾಗದು. ಆದರೆ ಬಿಗಿದ ಮೇಲೆ ಟಾರ್ಚ್ ಹಿಡಿದು ಒಮ್ಮೆ ನೋಡಿ. ಕೂದಲಿನಷ್ಟು ತೆಳುವಾದ ಒಂದೇ ಒಂದು ಎಳೆ ಕೆಂಪಿನಿಂದ ಚಾಚಿ ಕಪ್ಪಿಗೆ ತಾಗಿದ್ದರಿಂದ ನನ್ನ ಮೊದಲ ಆಂಪ್ಲಿಫೈಯರ್ ಸುಟ್ಟುಹೋಯಿತು. ಆ ವಾಸನೆ ಎರಡು ದಿನ ಕೋಣೆ ಬಿಟ್ಟು ಹೋಗಲಿಲ್ಲ. ಇನ್ನೊಂದು ಮಾತು: ಕೆಲವು ಡಿಜಿಟಲ್, ಅಂದರೆ ಕ್ಲಾಸ್ ಡಿ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಟರ್ಮಿನಲ್ಲಿನಲ್ಲೂ ಸಿಗ್ನಲ್ ಇರುತ್ತದೆ. ಅಂಥವಕ್ಕೆ ಜೋಡಿಸುವ ಕ್ರಮ ಬೇರೆ. ಕೈಪಿಡಿ ಓದದೆ ಮುಟ್ಟಬೇಡಿ.

ಇದೆಲ್ಲ ಒಳಗೇ ಆಂಪ್ಲಿಫೈಯರ್ ಇರುವ ಸಬ್‌ವೂಫರ್‌ನ ಮಾತು. ಕರೆಂಟ್ ಪ್ಲಗ್ಗೇ ಇಲ್ಲದ ಬರೀ ಡಬ್ಬಿಯಾದರೆ ಅದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಬೇಕು.

ಇನ್ನು ಜಾಗ. ಹನ್ನೆರಡು ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಜ್‌ಗೆ ತಾನೇ ಅನುರಣಿಸುತ್ತದೆ. ಒಂದು ಮೂಲೆಯಲ್ಲಿ ಬೇಸ್ ಉಬ್ಬಿದರೆ ಕೋಣೆಯ ನಡುವೆ ಮಾಯವಾಗಿರುತ್ತದೆ. ನೆಲಕ್ಕೆ ಕೌದಿ ಹಾಸಿದರೆ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ಕೌದಿ ಹೀರುವುದು ತಾರಸ್ಥಾಯಿಯ ಸದ್ದನ್ನು, ಮಂದ್ರವನ್ನಲ್ಲ. ಸಬ್‌ವೂಫರನ್ನು ನೀವು ಕುಳಿತುಕೊಳ್ಳುವ ಕುರ್ಚಿಯ ಮೇಲೇ ಇಟ್ಟು, ತಬಲಾ ಜೋಡಿಯ ಡಗ್ಗದ ನುಡಿ ಚೆನ್ನಾಗಿರುವ ಧ್ವನಿಮುದ್ರಣ ಹಚ್ಚಿ, ಗೋಡೆಯ ಬದಿಯಲ್ಲಿ ಮಂಡಿಯೂರಿ ಕಿವಿಯಿಡುತ್ತ ಸಾಗಿ. ಡಗ್ಗದ ಗುಮುಕಿ ಎಲ್ಲಿ ಬಿಡಿಬಿಡಿಯಾಗಿ, ಊದಿಕೊಳ್ಳದೆ ಕೇಳಿಸುತ್ತದೆಯೋ ಅದೇ ಅದರ ಜಾಗ. ನಮ್ಮಲ್ಲಿ ಅದು ತಿಜೋರಿಯ ಪಕ್ಕ ಬಂತು. ತಿಜೋರಿಯ ಹಿಡಿಕೆ ಅದುರತೊಡಗಿದ್ದರಿಂದ ಅದರ ಸಂದಿಗೆ ಮಡಿಸಿದ ಬಟ್ಟೆ ತುರುಕಬೇಕಾಯಿತು.

ಗುಂಡಿಗಳ ಸರದಿ. ಸ್ಪೀಕರ್ ಎಷ್ಟು ಹರ್ಟ್ಜ್‌ವರೆಗೆ ಇಳಿಯುತ್ತದೆಂದು ಅದರ ಕೈಪಿಡಿಯಲ್ಲಿರುತ್ತದೆ. ಕ್ರಾಸ್‌ಓವರನ್ನು ಅದರ ಆಸುಪಾಸಿನಲ್ಲಿಟ್ಟು ಆರಂಭಿಸಿ. 100 ದಾಟಿದರೆ ಗಂಡು ದನಿಗೂ ಸಬ್‌ವೂಫರ್ ಕೈಹಾಕುತ್ತದೆ, ಹಾಡುವವರು ಮಡಕೆಯೊಳಗೆ ಕುಳಿತಂತಾಗುತ್ತದೆ. ಸಬ್‌ವೂಫರ್ ಮತ್ತು ಸ್ಪೀಕರ್‌ಗಳ ಸದ್ದಿನ ಅಲೆಗಳನ್ನು ಹೊಂದಿಸುವ ಫೇಸ್ ಸ್ವಿಚ್ಚನ್ನು ಮನೆಯವರೊಬ್ಬರು 0 ಮತ್ತು 180ರ ನಡುವೆ ಬದಲಿಸಲಿ, ನೀವು ಕುರ್ಚಿಯಲ್ಲಿ ಕುಳಿತು ಕೇಳಿ. ಬೇಸ್ ತುಂಬಿಕೊಂಡು ಬರುವ ಕಡೆ ಬಿಡಿ. ಗೇನ್, ಅಂದರೆ ಸಬ್‌ವೂಫರ್‌ನ ಸದ್ದಿನ ಮಟ್ಟ, ಸೊನ್ನೆಯಿಂದ ಮೇಲಕ್ಕೆ ಬರಲಿ. ಸಬ್‌ವೂಫರ್ ಎಲ್ಲಿದೆ ಎಂದು ಕಿವಿ ಬೆರಳು ಮಾಡಿ ತೋರಿಸತೊಡಗಿದ ಕ್ಷಣ ಸ್ವಲ್ಪ ಹಿಂದಕ್ಕೆ ತಿರುಗಿಸಿ.

ಈ ಹೊಂದಾಣಿಕೆಗೆ ಬಹಳ ಹಳೆಯ ಹಾಡು ಆರಿಸಬೇಡಿ. ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಅವರ ದನಿ ನನಗೆ ಪ್ರಾಣ. ಆದರೆ ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಮಂದ್ರ ಅಷ್ಟಾಗಿ ಉಳಿದಿಲ್ಲ. ಗೇನ್ ಏರಿಸಿದರೆ ತಟ್ಟೆಯ ಗರಗರವೇ ದೊಡ್ಡದಾಗುತ್ತದೆ.

ಹಾಡು ನಿಂತಾಗಲೂ ಗುಂಯ್ ಎನ್ನುತ್ತಿದ್ದರೆ ಆಂಪ್ಲಿಫೈಯರ್, ಸಬ್‌ವೂಫರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಸೆಟ್‌ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿಯೂ ನೋಡಿ. ಅರ್ಥಿಂಗ್ ಪಿನ್ ಮುರಿಯುವ ಉಪಾಯವನ್ನು ಯಾರೇ ಹೇಳಲಿ, ಕೇಳಬೇಡಿ; ಸದ್ದು ಹೋಗಬಹುದು, ಜೀವವೂ ಹೋಗಬಹುದು.

ಮಂದ್ರದ ಸದ್ದಿಗೆ ಇಟ್ಟಿಗೆ ಗೋಡೆ ಲೆಕ್ಕಕ್ಕಿಲ್ಲ. ರಾತ್ರಿ ಒಂಬತ್ತಾದ ಮೇಲೆ ನಾನು ಸಬ್‌ವೂಫರ್‌ ಆರಿಸಿ ಸ್ಪೀಕರ್‌ಗಳಲ್ಲೇ ಕೇಳುತ್ತೇನೆ; ಗೋಡೆಯಾಚೆಯ ಕಾಕಾ ಬೇಗ ಮಲಗುತ್ತಾರೆ.